ಎಷ್ಟು ಸಾಲು ಕೂಡಿಸಿದೆ?

(ಒಂದು ತಾಲ್ಲೂಕು ಗ್ರಂಥಾಲಯದಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟವರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಬಾಯಲ್ಲಿ ಓದಿದ ಹಾಗೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಬರೆಯುವಾಗ ಫಾರ್, ಇನ್, ಓಪನ್, ಯುಟಿಎಫ್ ತರಹದ ಪೈಥಾನ್ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಒಟ್ಟು, ಸಾಲು, ಕಡತ ಅನ್ನುವ ನಮ್ಮ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಡಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ಇದಕ್ಕೆ ಅವಕಾಶ ಇದೆ.)

ಎಲ್ಲರಿಗೂ ನಮಸ್ಕಾರ.

ನಮ್ಮಮ್ಮ ಡೈರಿಗೆ ಹಾಲು ಹಾಕುತ್ತಾಳೆ. ಮನೆಯಲ್ಲಿ ಎರಡು ಹಸು ಇವೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನ್ ಹಿಡಿದು ಹೋಗಬೇಕು. ಅಲ್ಲಿ ಅಳತೆ ಮಾಡಿ, ಫ್ಯಾಟ್ ನೋಡಿ, ಪಾಸ್‌ಬುಕ್ಕಿನಲ್ಲಿ ಬರೆದುಕೊಡುತ್ತಾರೆ. ಹದಿನೈದು ದಿನಕ್ಕೊಂದು ಬಟವಾಡೆ. ಪಾಸ್‌ಬುಕ್ ಇದ್ದರೂ ಅಮ್ಮ ತನ್ನದೇ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಅದರಲ್ಲಿ ಒಂದೊಂದು ಸಾಲಿಗೆ ಒಂದೊಂದು ಅಂಕಿ, ಅಷ್ಟೇ. ೬.೫, ೫.೮, ೬.೨, ಹೀಗೆ. ಕನ್ನಡ ಅಂಕಿಯಲ್ಲೇ ಬರೆಯುತ್ತಾಳೆ. ಶಾಲೆಯಲ್ಲಿ ಕಲಿತದ್ದು ಹಾಗೆ.

ಒಂದು ಸಲ ಊರಿಗೆ ಹೋಗಿದ್ದಾಗ "ಲೆಕ್ಕ ನಾನು ಮಾಡಿಕೊಡ್ತೀನಿ ಕೊಡಮ್ಮ" ಅಂದೆ. ನೋಟ್‌ಬುಕ್ ನೋಡಿಕೊಂಡು ಹದಿನೈದು ದಿನದ ಅಂಕಿಗಳನ್ನು ಫೋನಿನಲ್ಲಿ ಟೈಪ್ ಮಾಡಿದೆ. ಅದನ್ನು ಟೆಕ್ಸ್ಟ್ ಫೈಲ್ ಮಾಡಿ ಲ್ಯಾಪ್‌ಟಾಪಿಗೆ ಕಳಿಸಿದೆ. ಪೈಥಾನ್‌ನಲ್ಲಿ ಕೂಡಿಸಿದೆ. ಒಂದು ಮೊತ್ತ ಬಂತು, ಅಮ್ಮನಿಗೆ ಹೇಳಿದೆ. ಮೊತ್ತ ಸರಿಯೋ ತಪ್ಪೋ ಅಂತ ಅವಳು ಏನೂ ಹೇಳಲಿಲ್ಲ. "ಎಷ್ಟು ಸಾಲು ಕೂಡಿಸಿದೆ?" ಅಂತ ಕೇಳಿದಳು.

ನನಗೆ ಗೊತ್ತಿರಲಿಲ್ಲ. ನಾನು ಬರೆದ ಪ್ರೋಗ್ರಾಮ್ ಅದನ್ನು ಎಣಿಸಿಯೇ ಇರಲಿಲ್ಲ.

ದಿನಕ್ಕೆ ಎರಡರಂತೆ 15 ದಿನಕ್ಕೆ 30 ಸಾಲು ಇರಬೇಕು. ಎಣಿಸಿ ನೋಡಿದರೆ ಪ್ರೋಗ್ರಾಮ್ ಕೂಡಿಸಿದ್ದು 27. ಮೂರು ಸಾಲು ಕಾಣೆ. ಅವು ಎಲ್ಲಿ ಹೋದವು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಆದರೆ ಇವತ್ತಿನ ಮಾತೆಲ್ಲ ಅಮ್ಮನ ಆ ಪ್ರಶ್ನೆಯ ಸುತ್ತಲೇ ಇದೆ. ಅಂಕಿ ಕೂಡಿಸುವುದು ಪೈಥಾನಿಗೆ ತೀರಾ ಸುಲಭ. ಕೂಡಿಸಲು ಆಗದ ಸಾಲು ಎದುರಾದಾಗ ಏನು ಮಾಡಬೇಕು ಅನ್ನುವುದನ್ನು ಹೇಳಬೇಕಾದವರು ನಾವು. ಕಲಿಯಬೇಕಾದ ಕೆಲಸ ಅಲ್ಲಿದೆ.

ಮೊದಲು ಸುಲಭದ ಭಾಗ ನೋಡೋಣ.

    ಒಟ್ಟು = 0
    ವಿತ್ ಓಪನ್("ಹಾಲು") ಆ್ಯಸ್ ಕಡತ:
        ಫಾರ್ ಸಾಲು ಇನ್ ಕಡತ:
            ಒಟ್ಟು = ಒಟ್ಟು + ಫ್ಲೋಟ್(ಸಾಲು)
    ಪ್ರಿಂಟ್(ಒಟ್ಟು)

ಐದೇ ಸಾಲು. ಸೊನ್ನೆಯಿಂದ ಶುರು ಮಾಡು. ಹಾಲು ಅನ್ನುವ ಫೈಲ್ ತೆರೆ. ಅದರ ಒಂದೊಂದು ಸಾಲನ್ನೂ ತಗೊಂಡು, ಅಂಕಿ ಮಾಡಿ, ಒಟ್ಟಿಗೆ ಸೇರಿಸು. ಕೊನೆಗೆ ಹೇಳು. ನಾವು ಬಾಯಲ್ಲಿ ಲೆಕ್ಕ ಮಾಡುವುದೂ ಹೀಗೇ ಅಲ್ವಾ? ಆರೂವರೆಗೆ ಐದು ಎಂಟು ಸೇರಿಸಿದರೆ ಹನ್ನೆರಡು ಮೂರು, ಅದಕ್ಕೆ ಆರು ಎರಡು ಸೇರಿಸಿದರೆ ಹದಿನೆಂಟೂವರೆ. ಅಲ್ಲಿಯವರೆಗಿನ ಮೊತ್ತವನ್ನು ತಲೆಯಲ್ಲಿ ಹಿಡಿದುಕೊಂಡು ಮುಂದಿನ ಸಾಲಿಗೆ ಹೋಗುತ್ತೇವೆ. ಇಲ್ಲಿ ಹಿಡಿದುಕೊಳ್ಳುವ ಕೆಲಸ 'ಒಟ್ಟು' ಅನ್ನುವ ಹೆಸರಿನದು.

ಫೈಲಿಗೆ 'ಕಡತ' ಅಂತ ಹೆಸರು ಕೊಟ್ಟಿದ್ದೇನೆ. ಈಗ ಕಡತ ಅಂದರೆ ಕಚೇರಿಯ ಫೈಲ್ ಅಂತಲೇ ಅರ್ಥ. ಹಿಂದೆ ಅದು ಬಟ್ಟೆಯಿಂದ ಮಾಡಿದ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಹಳೇ ದಾಖಲೆಗಳು ಇಂಥ ಕಡತಗಳಲ್ಲಿವೆ. ಮಡಿಕೆ ಬಿಚ್ಚುತ್ತಾ ಹೋದ ಹಾಗೆ ಮುಂದಿನ ಬರಹ ಕಾಣುತ್ತದೆ. ಪೈಥಾನ್ ಫೈಲ್ ಓದುವುದೂ ಹೆಚ್ಚುಕಡಿಮೆ ಹೀಗೆ. 'ಫಾರ್ ಸಾಲು ಇನ್ ಕಡತ' ಅಂದರೆ ಇಡೀ ಫೈಲನ್ನು ಒಟ್ಟಿಗೆ ಮೆಮೊರಿಗೆ ಎಳೆದುಕೊಳ್ಳುವುದಿಲ್ಲ. ಒಂದು ಸಾಲು ಕೈಗೆ ಕೊಡುತ್ತದೆ, ಅದು ಮುಗಿದ ಮೇಲೆ ಇನ್ನೊಂದು. ಹಾಗಾಗಿ ಕಂಪ್ಯೂಟರಿನ ಮೆಮೊರಿಗಿಂತ ದೊಡ್ಡ ಫೈಲನ್ನೂ ಇದೇ ಐದು ಸಾಲಿನಲ್ಲಿ ಕೂಡಿಸಬಹುದು. 'ರೀಡ್‌ಲೈನ್ಸ್' ಅಂತ ಬರೆದರೆ ಎಲ್ಲಾ ಸಾಲೂ ಒಂದೇ ಸಲ ಮೆಮೊರಿಗೆ ಬರುತ್ತವೆ. 30 ಸಾಲಿಗೆ ಎರಡೂ ಒಂದೇ. ಮೂರು ಕೋಟಿ ಸಾಲಿಗೆ ಒಂದೇ ಅಲ್ಲ.

'ವಿತ್' ಯಾಕೆ ಅಂತ ಕೇಳಬಹುದು. ತೆರೆದ ಫೈಲನ್ನು ಮುಚ್ಚುವ ಜವಾಬ್ದಾರಿ ಅದರದ್ದು. ಮಧ್ಯದಲ್ಲಿ ಎಡವಟ್ಟಾಗಿ ಪ್ರೋಗ್ರಾಮ್ ನಿಂತರೂ ಮುಚ್ಚುತ್ತದೆ.

ಈಗ ಒಂದು ಮುಖ್ಯ ಮಾತು. ಟೆಕ್ಸ್ಟ್ ಫೈಲಿನಲ್ಲಿ ಅಂಕಿಗಳೇ ಇಲ್ಲ. ಇರುವುದು ಬರೀ ಅಕ್ಷರ. ನಮಗೆ 12 ಅಂತ ಕಾಣುವುದು ಫೈಲಿನ ಮಟ್ಟಿಗೆ ಒಂದು ಅನ್ನುವ ಗುರುತು, ಪಕ್ಕದಲ್ಲಿ ಎರಡು ಅನ್ನುವ ಗುರುತು, ಆಮೇಲೆ ಸಾಲು ಮುಗಿಯಿತು ಅನ್ನುವ, ಕಣ್ಣಿಗೆ ಕಾಣದ ಗುರುತು. ಪೈಥಾನ್ ಇದನ್ನು ಪದದ ಹಾಗೆ ನೋಡುತ್ತದೆ. "12"ಕ್ಕೆ "30" ಕೂಡಿಸು ಅಂದರೆ "1230" ಅನ್ನುತ್ತದೆ. ಹೂವು, ಮಾಲೆ ಎರಡನ್ನೂ ಸೇರಿಸಿ ಹೂಮಾಲೆ ಮಾಡಿದ ಹಾಗೆ. ಅದಕ್ಕೇ ನಾವು ಇಂಟ್ ಅಥವಾ ಫ್ಲೋಟ್ ಬಳಸಿ 'ಇದನ್ನು ಸಂಖ್ಯೆ ಅಂತ ಓದು' ಎಂದು ಬಿಡಿಸಿ ಹೇಳಬೇಕು. ಇಂಟ್ ಪೂರ್ಣಾಂಕಕ್ಕೆ, ಫ್ಲೋಟ್ ದಶಮಾಂಶಕ್ಕೆ.

ಕೆಲವು ಭಾಷೆಗಳು ನಮ್ಮ ಮನಸ್ಸನ್ನು ಊಹಿಸಲು ಹೋಗುತ್ತವೆ. ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್‌ಗೆ "12 ಲೀಟರ್" ಅಂತ ಕೊಟ್ಟರೆ ಮೊದಲಿಗೆ ಇರುವ 12 ಮಾತ್ರ ತಗೊಂಡು ಉಳಿದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಪೈಥಾನ್ ಹಾಗೆ ಮಾಡುವುದಿಲ್ಲ. ವ್ಯಾಲ್ಯೂಎರರ್ ಅಂತ ಹೇಳಿ ಅಲ್ಲೇ ನಿಲ್ಲುತ್ತದೆ. ಕಲಿಯುವವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ, ನನಗೆ ಗೊತ್ತು. ಆದರೆ ಈ ಹಟ ನನಗೆ ತುಂಬಾ ಇಷ್ಟ. ಪೈಥಾನ್‌ನಲ್ಲಿ 'ಇಂಪೋರ್ಟ್ ದಿಸ್' ಅಂತ ಬರೆದರೆ ಟಿಮ್ ಪೀಟರ್ಸ್ ಬರೆದ ಕೆಲವು ಸೂತ್ರಗಳು ಪರದೆಯ ಮೇಲೆ ಬರುತ್ತವೆ. ತಪ್ಪು ಸದ್ದಿಲ್ಲದೆ ದಾಟಿಹೋಗಬಾರದು ಅನ್ನುವುದು ಅದರಲ್ಲೊಂದು. ಅನುಮಾನ ಇದ್ದಾಗ ಊಹೆಗೆ ಹೋಗಬೇಡ ಅನ್ನುವುದು ಇನ್ನೊಂದು. ಲೆಕ್ಕ ಬರೆಯುವವರಿಗೆ ಇದಕ್ಕಿಂತ ಬೇರೆ ಬುದ್ಧಿಮಾತು ಬೇಕಿಲ್ಲ.

ಈಗ ಇಂಟ್‌ಗೆ ಬರೋಣ. ಅದಕ್ಕೆ "6.5" ಕೊಟ್ಟರೆ ಒಪ್ಪುವುದಿಲ್ಲ, ಎರರ್ ಕೊಡುತ್ತದೆ. ಆಗ ಹೊಸಬರು ಮಾಡುವ ಒಂದು ರಿಪೇರಿ ಇದೆ. ಮೊದಲು ಫ್ಲೋಟ್ ಮಾಡಿ, ಅದನ್ನು ಇಂಟ್ ಒಳಗೆ ಹಾಕುವುದು. ಎರರ್ ಹೋಗುತ್ತದೆ, ಮೊತ್ತ ಬರುತ್ತದೆ. ಆದರೆ ಪ್ರತಿ ಸಾಲಿನಲ್ಲೂ ಚುಕ್ಕಿಯ ಆಚೆಗಿನದ್ದು ಕತ್ತರಿಸಿ ಹೋಗಿರುತ್ತದೆ. ಅಮ್ಮನ ನೋಟ್‌ಬುಕ್ಕಿನ ಐದು ಸಾಲು ತಗೊಳ್ಳಿ. 6.5, 5.8, 6.2, 5.9, 6.4. ಕೂಡಿಸಿದರೆ 30.8 ಲೀಟರ್. ಇಂಟ್ ಮಾಡಿ ಕೂಡಿಸಿದರೆ 6, 5, 6, 5, 6. ಒಟ್ಟು 28. ಐದು ಸಾಲಿಗೇ 2.8 ಲೀಟರ್ ಹಾಲು ಹೋಯಿತು. 5.9 ಅಂದರೆ ಆರೇ ಲೀಟರ್ ಅನ್ನುವಷ್ಟಿದೆ. ಅದನ್ನೂ 5 ಅಂತಲೇ ಹಿಡಿಯುತ್ತದೆ. ಒಂದು ಸಾಲಿನಲ್ಲಿ ಜಾಸ್ತಿ, ಒಂದು ಸಾಲಿನಲ್ಲಿ ಕಮ್ಮಿ ಆಗಿದ್ದರೆ ಒಟ್ಟಿನಲ್ಲಿ ಸರಿಹೋಗುತ್ತಿತ್ತು. ಇಲ್ಲಿ ಎಲ್ಲಾ ತಪ್ಪೂ ಒಂದೇ ಕಡೆಗೆ ವಾಲುತ್ತದೆ, ಕಮ್ಮಿಯ ಕಡೆಗೆ.

ಇದು ದೊಡ್ಡ ಮಟ್ಟದಲ್ಲೂ ಆಗಿದೆ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ ಒಂದು ಹೊಸ ಸೂಚ್ಯಂಕ ಶುರು ಮಾಡಿತು. ಆರಂಭದ ಅಂಕಿ 1000. ಷೇರು ಕೈಬದಲಾದಾಗಲೆಲ್ಲ ಕಂಪ್ಯೂಟರ್ ಸೂಚ್ಯಂಕವನ್ನು ಮತ್ತೆ ಲೆಕ್ಕ ಹಾಕಿ, ಚುಕ್ಕಿಯ ಆಚೆ ಮೂರು ಸ್ಥಾನ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತಿತ್ತು. ಹತ್ತಿರದ ಅಂಕಿಗೆ ಸರಿಹೊಂದಿಸುತ್ತಿರಲಿಲ್ಲ. ಪ್ರತಿ ಸಲ ಹೋಗುತ್ತಿದ್ದದ್ದು ಒಂದು ಅಂಶದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಅದು ದಿನಕ್ಕೆ ಸಾವಿರಾರು ಸಲ ಹೋಗುತ್ತಿತ್ತು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ರ ಆಸುಪಾಸಿಗೆ ಇಳಿದಿತ್ತು. ತಪ್ಪು ಹುಡುಕಿ ಸರಿಮಾಡಿದಾಗ ಅದು ಇರಬೇಕಾಗಿದ್ದ ಜಾಗ 1098ರ ಮೇಲೆ ಅಂತ ಗೊತ್ತಾಯಿತು. ಸುಮಾರು ಎರಡು ವರ್ಷ ಕಾಲ ಆ ಅಂಕಿಯನ್ನು ಜನ ನೋಡುತ್ತಲೇ ಇದ್ದರು. ಮೊತ್ತ ಅನ್ನುವುದು ಸರಿಯಿದ್ದಾಗಲೂ ತಪ್ಪಿದ್ದಾಗಲೂ ನೋಡಲು ಒಂದೇ ತರಹ ಇರುತ್ತದೆ. ನನ್ನನ್ನು ಬಹಳ ಕಾಡುವ ಸಂಗತಿ ಇದು.

ಸರಿ, ಫ್ಲೋಟ್ ಬಳಸಿದರೆ ಎಲ್ಲಾ ನಿಶ್ಚಿಂತೆಯಾ? ಪೂರ್ತಿ ಅಲ್ಲ. ಪೈಥಾನ್ ತೆರೆದು 0.1 ಮತ್ತು 0.2 ಕೂಡಿಸಿ ನೋಡಿ. 0.30000000000000004 ಅಂತ ಬರುತ್ತದೆ. ಇದು ಪೈಥಾನಿನ ತಪ್ಪಲ್ಲ. ಕಂಪ್ಯೂಟರ್ ಒಳಗೆ ಎಣಿಕೆ ನಡೆಯುವುದು ಎರಡರ ಲೆಕ್ಕದಲ್ಲಿ. ಅರ್ಧ, ಕಾಲು, ಅರೆಕಾಲು, ವೀಸ, ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಸಿಗುವ ಪಾಲುಗಳನ್ನು ಮಾತ್ರ ಅದು ಸರಿಯಾಗಿ ಹಿಡಿದಿಡುತ್ತದೆ. ಹತ್ತರಲ್ಲಿ ಒಂದು ಪಾಲು ಆ ದಾರಿಯಲ್ಲಿ ಎಂದೂ ಪೂರ್ತಿ ಸಿಗುವುದಿಲ್ಲ. ಒಂದನ್ನು ಮೂರರಿಂದ ಭಾಗಿಸಿದಾಗ ನಮಗೆ 0.333 ಅಂತ ಮುಗಿಯದೇ ಹೋಗುತ್ತದಲ್ಲ, ಹಾಗೆ. ಹಾಗಾಗಿ ಅತಿ ಹತ್ತಿರದ ಒಂದು ಅಂಕಿಯನ್ನು ಇಟ್ಟುಕೊಳ್ಳುತ್ತದೆ. ನಮ್ಮ ಹಳಬರ ಕಾಲು, ಅರೆಕಾಲು, ವೀಸದ ಲೆಕ್ಕಕ್ಕೂ ಕಂಪ್ಯೂಟರಿನ ಲೆಕ್ಕಕ್ಕೂ ಇಷ್ಟು ಹತ್ತಿರದ ನಂಟು ಇದೆ ಅನ್ನುವುದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಅವರ ವೀಸ ಅಂದರೆ ಹದಿನಾರರಲ್ಲಿ ಒಂದು. ಅದು ಫ್ಲೋಟಿನಲ್ಲಿ ಚೂರೂ ತಪ್ಪಿಲ್ಲದೆ ಕೂರುತ್ತದೆ.

0.1ನ್ನು ಹತ್ತು ಸಲ ಮೇಲಿನ ಪ್ರೋಗ್ರಾಮಿನ ಹಾಗೆ ಒಂದೊಂದಾಗಿ ಕೂಡಿಸಿದರೆ 0.9999999999999999 ಬರುತ್ತದೆ. ಇಂಥ ಚೂರುಗಳು ಕಳೆದುಹೋಗದ ಹಾಗೆ ಕೂಡಿಸುವ ವಿಧಾನವನ್ನು ವಿಲಿಯಂ ಕಹಾನ್ ಅನ್ನುವ ಗಣಿತಜ್ಞ 1965ರಲ್ಲಿ ಪ್ರಕಟಿಸಿದರು. ಪ್ರತಿ ಸಲ ಕೂಡಿಸುವಾಗ ಎಷ್ಟು ಚೂರು ಉದುರಿತು ಅನ್ನುವುದನ್ನು ಪಕ್ಕದಲ್ಲಿ ಇಟ್ಟುಕೊಂಡು ಮುಂದಿನ ಸಲ ಸೇರಿಸುವುದು. ನಾವು ಶಾಲೆಯಲ್ಲಿ 'ಕೈಯಲ್ಲಿ ಒಂದು' ಅಂತ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ ಎಚ್ಚರ. 2023ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.12ರಿಂದ ಸಮ್ ಅನ್ನುವ ಸಿದ್ಧ ಫಂಕ್ಷನ್ ಇದೇ ಜಾತಿಯ ವಿಧಾನ ಬಳಸುತ್ತದೆ. ಅದಕ್ಕೆ ಹತ್ತು 0.1 ಕೊಟ್ಟರೆ ಸರಿಯಾಗಿ 1.0 ಬರುತ್ತದೆ. ಹಳೇ ಪೈಥಾನ್ ಇದ್ದರೆ ಮ್ಯಾಥ್ ಮಾಡ್ಯೂಲಿನ ಎಫ್‌ಸಮ್ ಇದೆ.

ಹಾಲಿನ ಲೀಟರಿಗೆ ಈ ಚೂರು ಲೆಕ್ಕಕ್ಕೇ ಇಲ್ಲ. ಕೊನೆಯಲ್ಲಿ ರೌಂಡ್ ಮಾಡಿ ಒಂದು ಸ್ಥಾನಕ್ಕೆ ತೋರಿಸಿದರೆ ಸಾಕು. ದುಡ್ಡಿನ ಲೆಕ್ಕಕ್ಕೆ ಮಾತ್ರ ಫ್ಲೋಟ್ ಬೇಡ ಅಂತ ನಾನು ಹೇಳುತ್ತೇನೆ. ರೂಪಾಯಿಯನ್ನು ಪೈಸೆ ಮಾಡಿಕೊಂಡು ಇಂಟ್‌ನಲ್ಲೇ ಕೂಡಿಸಿ, ಅಥವಾ ಡೆಸಿಮಲ್ ಬಳಸಿ. ಡೆಸಿಮಲ್ ನಮ್ಮ ಹಾಗೆ ಹತ್ತರ ಲೆಕ್ಕದಲ್ಲೇ ಎಣಿಸುತ್ತದೆ.

ಈಗ ಆ ಮೂರು ಸಾಲಿಗೆ ಬರುತ್ತೇನೆ.

ಮೊದಲ ಸಲ ನಾನು ಅಮ್ಮನ ಫೈಲ್ ಓದಿಸಿದಾಗ ಪ್ರೋಗ್ರಾಮ್ ವ್ಯಾಲ್ಯೂಎರರ್ ಕೊಟ್ಟು ನಿಂತಿತು. ಫೈಲಿನ ಕೊನೆಯಲ್ಲಿ ಒಂದು ಖಾಲಿ ಸಾಲು ಇತ್ತು, ಅದು ನನಗೆ ಗೊತ್ತಿತ್ತು. ಅದೇ ಕಾರಣ ಇರಬೇಕು ಅಂದುಕೊಂಡೆ. ಸುಲಭಕ್ಕೆ ಟ್ರೈ ಅಂತ ಹಾಕಿ, ಕೆಳಗೆ ಎಕ್ಸೆಪ್ಟ್ ಅಂತ ಬರೆದು, ಅದರೊಳಗೆ ಪಾಸ್ ಅಂತ ಬರೆದೆ. ಕೂಡಿಸಲು ನೋಡು, ಆಗದಿದ್ದರೆ ಸುಮ್ನೆ ಮುಂದಕ್ಕೆ ಹೋಗು ಅಂತ ಅರ್ಥ. ಮೊತ್ತ ಬಂತು. ಆ ಪಾಸ್ ಅನ್ನುವ ಒಂದು ಪದ ಖಾಲಿ ಸಾಲಿನ ಜೊತೆಗೆ ಮೂರು ಹೊತ್ತಿನ ಹಾಲನ್ನೂ ನುಂಗಿತ್ತು.

ಆ ಮೂರು ಸಾಲು ಪರದೆಯ ಮೇಲೆ ನೋಡಿದರೆ ಏನೂ ತಪ್ಪಿಲ್ಲ. ೧ಂ.೫, ೧ಂ, ೧ಂ.೨. ಹತ್ತೂವರೆ, ಹತ್ತು, ಹತ್ತು ಎರಡು. ಬೇರೆ ಸಾಲಿನ ಕನ್ನಡ ಅಂಕಿಗಳು ಸರಿಯಾಗೇ ಓದಿಸಿಕೊಂಡಿದ್ದವು. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಪೈಥಾನ್ ಕನ್ನಡ ಅಂಕಿಗಳನ್ನು ಓದುತ್ತದೆ. ಇಂಟ್‌ಗೆ "೧೨೩" ಕೊಡಿ, 123 ಅನ್ನುತ್ತದೆ. ಫ್ಲೋಟ್‌ಗೆ "೬.೫" ಕೊಡಿ, 6.5 ಅನ್ನುತ್ತದೆ. ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟು, ಅಂದರೆ ಲೈಬ್ರರಿ, ಯಾವುದೂ ಬೇಡ. ಯೂನಿಕೋಡ್‌ನಲ್ಲಿ (ಎಲ್ಲಾ ಲಿಪಿಯ ಅಕ್ಷರಗಳಿಗೂ ಒಂದೊಂದು ಕ್ರಮಸಂಖ್ಯೆ ಕೊಟ್ಟಿರುವ ಪಟ್ಟಿ) ದಶಮಾನದ ಅಂಕಿ ಅಂತ ಗುರುತಿಸಿದ ಯಾವ ಲಿಪಿಯ ಅಂಕಿಯಾದರೂ ಪೈಥಾನಿಗೆ ಸರಿ. ನಾನು ಇದನ್ನು ಮೊದಲು ನೋಡಿದ ದಿನ ಮತ್ತೆ ಮತ್ತೆ ಟೈಪ್ ಮಾಡಿ ನೋಡಿದ್ದೆ. ಅಮ್ಮ ಬರೆಯುವ ಅಂಕಿಯನ್ನು ಯಾರೂ ಬದಲಿಸಿ ಕೊಡಬೇಕಾಗಿಲ್ಲ!

ಹಾಗಾದರೆ ೧ಂ ಯಾಕೆ ಓದಲಿಲ್ಲ? ಅದರಲ್ಲಿ ಸೊನ್ನೆಯೇ ಇಲ್ಲ. ಇರುವುದು ಅಂ ಅಕ್ಷರದಲ್ಲಿ ಬರುವ ಅನುಸ್ವಾರ. ಫೋನಿನ ಕೀಬೋರ್ಡಿನಲ್ಲಿ ಅನುಸ್ವಾರ ಬೇಗ ಕೈಗೆ ಸಿಗುತ್ತಿತ್ತು. ದುಂಡಗೆ ಕಂಡಿತು, ಒತ್ತಿದ್ದೆ. ಕಣ್ಣಿಗೆ ಎರಡೂ ಒಂದೇ. ಪೈಥಾನ್‌ನಲ್ಲಿ ಆರ್ಡ್ ಅನ್ನುವ ಫಂಕ್ಷನ್‌ಗೆ ಒಂದು ಅಕ್ಷರ ಕೊಟ್ಟರೆ ಯೂನಿಕೋಡ್‌ನಲ್ಲಿ ಅದರ ಕ್ರಮಸಂಖ್ಯೆ ಹೇಳುತ್ತದೆ. ಅನುಸ್ವಾರ ಕೊಟ್ಟೆ, 3202. ಕನ್ನಡ ಸೊನ್ನೆ ಕೊಟ್ಟೆ, 3302. ಸರಿಯಾಗಿ ನೂರು ಮನೆ ಆಚೆ ಇವೆ. ಒಂದು ಅಕ್ಷರ, ಇನ್ನೊಂದು ಅಂಕಿ. ಪೈಥಾನ್ ಸರಿಯಾಗೇ 'ಇದು ಸಂಖ್ಯೆ ಅಲ್ಲ' ಅಂತ ಹೇಳಿತ್ತು. ಅದರ ಬಾಯಿ ಮುಚ್ಚಿಸಿದ್ದು ನಾನು. ಹೋದದ್ದು 30.7 ಲೀಟರ್. ಲೀಟರಿಗೆ 35 ರೂಪಾಯಿ ಅಂತ ಹಿಡಿದರೂ ಸಾವಿರ ರೂಪಾಯಿ ದಾಟುತ್ತದೆ.

ಹೀಗೆ ಕಣ್ಣಿಗೆ ಕಾಣದ ತೊಡಕುಗಳು ಇನ್ನೂ ಇವೆ. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಟೆಕ್ಸ್ಟ್ ಫೈಲ್) ಅಂತ ಉಳಿಸಿದರೆ ಫೈಲಿನ ತಲೆಯಲ್ಲಿ ಒಂದು ಕಾಣದ ಗುರುತು ಸೇರಿಕೊಳ್ಳುತ್ತದೆ. ಆಗ ಮೊದಲ ಸಾಲು ಮಾತ್ರ ಅಂಕಿ ಆಗುವುದಿಲ್ಲ, ಉಳಿದದ್ದೆಲ್ಲ ಸರಿಯಿರುತ್ತದೆ. ಅಕ್ಷರಗಳನ್ನು ಫೈಲಿನಲ್ಲಿ ಯಾವ ಕ್ರಮದಲ್ಲಿ ಇಟ್ಟಿದೆ ಅನ್ನುವುದಕ್ಕೆ ಎನ್ಕೋಡಿಂಗ್ ಅನ್ನುತ್ತಾರೆ, ಯುಟಿಎಫ್-8 ಅಂಥದ್ದೊಂದು. ತೆರೆಯುವಾಗ ಎನ್ಕೋಡಿಂಗ್ ಜಾಗದಲ್ಲಿ 'ಯುಟಿಎಫ್-8-ಸಿಗ್' ಅಂತ ಕೊಟ್ಟರೆ ಆ ಗುರುತನ್ನು ತೆಗೆದು ಓದುತ್ತದೆ, ಗುರುತು ಇಲ್ಲದಿದ್ದರೂ ತೊಂದರೆ ಇಲ್ಲ. ವಿಂಡೋಸ್‌ನಲ್ಲಿ ಕನ್ನಡ ಅಂಕಿಯ ಫೈಲ್ ಓದುವವರು ಎನ್ಕೋಡಿಂಗ್ ಬರೆಯುವುದನ್ನು ಬಿಡಲೇಬೇಡಿ. ಬಿಟ್ಟರೆ ಒಂದು ಅಂಕಿಯ ಜಾಗದಲ್ಲಿ ಮೂರು ವಿಚಿತ್ರ ಅಕ್ಷರ ಬರುವುದುಂಟು. ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಆಗದಿರಲಿ ಅಂತ ಒತ್ತುವ ಕೀ ಒಂದಿದೆಯಲ್ಲ, ಅದೂ ಸಾಲಿನಲ್ಲಿ ಕಾಣದ ಗುರುತು ಬಿಡುತ್ತದೆ. ಇಂಥ ಕಡೆ ರೆಪರ್ ಅನ್ನುವ ಫಂಕ್ಷನ್ ಬಳಸಿ ಪ್ರಿಂಟ್ ಮಾಡಿದರೆ ಅಡಗಿದ್ದದ್ದು ಹೊರಗೆ ಬರುತ್ತದೆ.

ಅಲ್ಪವಿರಾಮದ್ದು ದಿನಾ ಎದುರಾಗುವ ಕಥೆ. 1,25,000 ಅಂತ ನಾವು ಬರೆಯುತ್ತೇವೆ. ಪೈಥಾನ್ ಅದನ್ನು ಒಪ್ಪುವುದಿಲ್ಲ. ರಿಪ್ಲೇಸ್ ಬಳಸಿ ಅಲ್ಪವಿರಾಮ ತೆಗೆದು ಕೊಡಿ. ಆದರೆ ಫೈಲ್ ಯಾವ ದೇಶದ್ದು ಅಂತ ಮೊದಲು ನೋಡಿ. ಜರ್ಮನಿಯಂಥ ಕಡೆ ನಾವು ಚುಕ್ಕಿ ಇಡುವ ಜಾಗದಲ್ಲಿ ಅಲ್ಪವಿರಾಮ ಇಡುತ್ತಾರೆ. ಅಲ್ಲಿಯ 6,5ರಲ್ಲಿ ಅಲ್ಪವಿರಾಮ ತೆಗೆದರೆ ಆರೂವರೆ ಹೋಗಿ ಅರವತ್ತೈದು ಆಗುತ್ತದೆ.

ಇನ್ನೊಂದು ಸಲಹೆ ತುಂಬಾ ಕಡೆ ಕೇಳಿದ್ದೇನೆ. ಇಸ್‌ಡಿಜಿಟ್ ಅಂತ ಕೇಳಿ, ಹೌದು ಅಂದರೆ ಮಾತ್ರ ಕೂಡಿಸಿ ಅಂತ. ಆ ಪ್ರಶ್ನೆಗೆ "6.5" ಕೊಟ್ಟರೆ ಅಲ್ಲ ಅನ್ನುತ್ತದೆ, ಚುಕ್ಕಿ ಅಂಕಿ ಅಲ್ಲವಲ್ಲ. "-5" ಕೊಟ್ಟರೂ ಅಲ್ಲ ಅನ್ನುತ್ತದೆ. ಹೀಗೆ ಜರಡಿ ಹಿಡಿದರೆ ನನ್ನ ಪಾಸ್ ಮಾಡಿದ್ದಕ್ಕಿಂತ ಜಾಸ್ತಿ ಸಾಲು ಸದ್ದಿಲ್ಲದೆ ಹೋಗುತ್ತವೆ. ದಯವಿಟ್ಟು ಇದನ್ನು ಮಾಡಬೇಡಿ.

ಈಗ ನಾನು ಬಳಸುವ ಪ್ರೋಗ್ರಾಮ್ ಹೀಗಿದೆ.

    ಒಟ್ಟು = 0
    ಕೂಡಿದ್ದು = 0
    ಬಿಟ್ಟವು = []
    ವಿತ್ ಓಪನ್("ಹಾಲು", ಎನ್ಕೋಡಿಂಗ್="ಯುಟಿಎಫ್-8-ಸಿಗ್") ಆ್ಯಸ್ ಕಡತ:
        ಫಾರ್ ಕ್ರಮ, ಸಾಲು ಇನ್ ಎನ್ಯೂಮರೇಟ್(ಕಡತ, 1):
            ತುಂಡು = ಸಾಲು.ಸ್ಟ್ರಿಪ್()
            ಇಫ್ ತುಂಡು == "":
                ಕಂಟಿನ್ಯೂ
            ಟ್ರೈ:
                ಒಟ್ಟು = ಒಟ್ಟು + ಫ್ಲೋಟ್(ತುಂಡು)
                ಕೂಡಿದ್ದು = ಕೂಡಿದ್ದು + 1
            ಎಕ್ಸೆಪ್ಟ್ ವ್ಯಾಲ್ಯೂಎರರ್:
                ಬಿಟ್ಟವು.ಅಪೆಂಡ್((ಕ್ರಮ, ತುಂಡು))
    ಪ್ರಿಂಟ್("ಕೂಡಿಸಿದ ಸಾಲು", ಕೂಡಿದ್ದು)
    ಪ್ರಿಂಟ್("ಬಿಟ್ಟ ಸಾಲು", ಬಿಟ್ಟವು)
    ಪ್ರಿಂಟ್("ಮೊತ್ತ", ರೌಂಡ್(ಒಟ್ಟು, 1))

ಉದ್ದ ಆಯಿತು, ನಿಜ. ಆದರೆ ಇದರಲ್ಲಿ ಹೊಸದು ಸ್ವಲ್ಪವೇ. ಸ್ಟ್ರಿಪ್ ಸಾಲಿನ ಎರಡೂ ಕೊನೆಯ ಖಾಲಿ ಜಾಗ ತೆಗೆಯುತ್ತದೆ. ಖಾಲಿ ಸಾಲನ್ನು ನಾವೇ ತಿಳಿದು ದಾಟಿಸುತ್ತೇವೆ. ಎನ್ಯೂಮರೇಟ್ ಒಂದರಿಂದ ಸಾಲಿನ ನಂಬರು ಕೊಡುತ್ತಾ ಹೋಗುತ್ತದೆ. ಪಾಸ್ ಇದ್ದ ಜಾಗದಲ್ಲಿ ಈಗ 'ಬಿಟ್ಟವು' ಅನ್ನುವ ಪಟ್ಟಿ ಇದೆ. ಕೂಡಿಸಲು ಆಗದ ಸಾಲು ಎಷ್ಟನೆಯದು, ಅದರಲ್ಲಿ ಏನಿತ್ತು ಎರಡೂ ಅಲ್ಲಿ ಕೂರುತ್ತವೆ. ಎಕ್ಸೆಪ್ಟ್ ಮುಂದೆ ವ್ಯಾಲ್ಯೂಎರರ್ ಅಂತ ಹೆಸರು ಹಿಡಿದೇ ಬರೆದಿದ್ದೇನೆ. ಬರೀ ಎಕ್ಸೆಪ್ಟ್ ಅಂತ ಬಿಟ್ಟರೆ ನೀವು 'ಒಟ್ಟು' ಅನ್ನುವುದನ್ನು ಒಂದು ಕಡೆ 'ಒಟು' ಅಂತ ತಪ್ಪಾಗಿ ಬರೆದಿದ್ದರೂ ಆ ತಪ್ಪನ್ನೂ ಅದು ಮುಚ್ಚಿಹಾಕುತ್ತದೆ. ಡೆಸಿಮಲ್ ಬಳಸುವವರು ಒಂದು ಗಮನಿಸಿ. ಅದು ವ್ಯಾಲ್ಯೂಎರರ್ ಕೊಡುವುದಿಲ್ಲ, ಇನ್‌ವ್ಯಾಲಿಡ್‌ಆಪರೇಷನ್ ಅನ್ನುವ ಬೇರೆ ಎರರ್ ಕೊಡುತ್ತದೆ.

ಮೊತ್ತವನ್ನು ಕೊನೆಗೆ ಪ್ರಿಂಟ್ ಮಾಡಿದ್ದೇನೆ, ಸಾಲಿನ ಎಣಿಕೆ ಮೊದಲು. ಇದು ಬೇಕೆಂದೇ ಮಾಡಿದ್ದು. ಮೊತ್ತ ಮೊದಲು ಕಂಡರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ.

ಮೊದಲ ಸಲ ಇದನ್ನು ಓಡಿಸಿದಾಗ ಕೂಡಿಸಿದ ಸಾಲು 27 ಅಂತ ಬಂತು. ಬಿಟ್ಟ ಪಟ್ಟಿಯಲ್ಲಿ ಆ ಮೂರು ಇದ್ದವು. ಸೊನ್ನೆ ಸರಿಮಾಡಿದೆ, 30 ಬಂತು. ಅಷ್ಟರಲ್ಲಿ ಅಮ್ಮ ಅಡುಗೆಮನೆಯ ಬಾಗಿಲಲ್ಲೇ ಕೂತು ಪೆನ್ಸಿಲಿನಲ್ಲಿ ಕೂಡಿಸಿ ಮುಗಿಸಿದ್ದಳು. ಎರಡೂ ತಾಳೆಯಾಯಿತು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹುಡುಗ ಕೇಳಿದ, "ಸರ್, ಇದಕ್ಕೆಲ್ಲ ಎಕ್ಸೆಲ್ ಸಾಕಲ್ವಾ?" ಎಷ್ಟೋ ಸಲ ಸಾಕು. ಆದರೆ ಎಕ್ಸೆಲ್‌ನ ಸಮ್ ಒಂದು ಸಾಲಿನ ಸೆಲ್‌ಗಳನ್ನು ಕೂಡಿಸುವಾಗ ಅಕ್ಷರ ಅಂತ ಗುರುತಾದ ಸೆಲ್‌ಗಳನ್ನು ಹೇಳದೇ ಬಿಡುತ್ತದೆ. 10.5 ಅಂತ ನಿಮಗೆ ಕಾಣುತ್ತಿದ್ದರೂ ಅದು ಅಕ್ಷರವಾಗಿ ಕೂತಿದ್ದರೆ ಮೊತ್ತಕ್ಕೆ ಸೇರುವುದಿಲ್ಲ. ಅಕ್ಷರ ಸೆಲ್‌ನ ಎಡಕ್ಕೆ ಅಂಟಿರುತ್ತದೆ, ಅಂಕಿ ಬಲಕ್ಕೆ. ಯಾರೂ ಕೈ ಹಾಕದಿದ್ದರೆ ಇದೇ ಗುರುತು. ಮೂಲೆಯಲ್ಲಿ ಹಸಿರು ತ್ರಿಕೋನವೂ ಕಾಣಬಹುದು. ಎಕ್ಸೆಲ್‌ನಲ್ಲೂ ಕೌಂಟ್ ಅನ್ನುವ ಫಂಕ್ಷನ್ ಇದೆ, ಅದು ಅಂಕಿಗಳನ್ನು ಮಾತ್ರ ಎಣಿಸುತ್ತದೆ. ಸಮ್ ಹಾಕಿದ ಪಕ್ಕದ ಸೆಲ್‌ನಲ್ಲೇ ಕೌಂಟ್ ಹಾಕಿಡಿ.

ಇನ್ನೊಬ್ಬರು ಹೈಸ್ಕೂಲ್ ಮೇಡಂ. ಅವರ ಹತ್ತಿರ ಇರುವ ಫೈಲಿನಲ್ಲಿ ಒಂದು ಸಾಲಿಗೆ ಮಗುವಿನ ಹೆಸರು, ಮುಂದೆ ಅಂಕ. ಇದಕ್ಕೆ ಸ್ಪ್ಲಿಟ್ ಬಳಸಬೇಕು. ಸಾಲನ್ನು ಖಾಲಿ ಜಾಗದಲ್ಲಿ ತುಂಡು ಮಾಡಿ ಪಟ್ಟಿ ಕೊಡುತ್ತದೆ. ಪಟ್ಟಿಯ ಕೊನೆಯ ತುಂಡು ಬೇಕು ಅಂದರೆ ಕ್ರಮಸಂಖ್ಯೆಯ ಜಾಗದಲ್ಲಿ -1 ಅಂತ ಹಾಕಿ. ಹೆಸರಿನಲ್ಲಿ ಇನಿಷಿಯಲ್ ಇದ್ದರೂ, ಎರಡು ಪದ ಇದ್ದರೂ ಆಗ ಅಂಕವೇ ಸಿಗುತ್ತದೆ. ಸ್ಪ್ಲಿಟ್‌ನ ಆವರಣ ಖಾಲಿ ಬಿಡಿ. ಖಾಲಿ ಬಿಟ್ಟರೆ ಎರಡು ಮೂರು ಸ್ಪೇಸ್, ಟ್ಯಾಬ್ ಎಲ್ಲವನ್ನೂ ಒಂದೇ ಅಂತರವಾಗಿ ನೋಡುತ್ತದೆ.

ಅವರೇ ಮುಂದುವರಿಸಿ ಕೇಳಿದರು, "ಪರೀಕ್ಷೆಗೆ ಬಾರದ ಮಕ್ಕಳ ಮುಂದೆ 'ಗೈರು' ಅಂತ ಬರೆದಿರ್ತೀವಿ. ಅದನ್ನ ಸೊನ್ನೆ ಮಾಡಿಬಿಡಲಾ?" ಬೇಡ ಮೇಡಂ, ಅಂದೆ. ಮೊತ್ತಕ್ಕೆ ಅದರಿಂದ ವ್ಯತ್ಯಾಸ ಆಗುವುದಿಲ್ಲ, ಸೊನ್ನೆ ಕೂಡಿದರೂ ಬಿಟ್ಟರೂ ಒಂದೇ. ಸರಾಸರಿ ತೆಗೆಯುವಾಗ ಕೆಡುತ್ತದೆ. ನಲವತ್ತು ಮಕ್ಕಳಲ್ಲಿ ನಾಲ್ಕು ಮಕ್ಕಳು ಬಂದಿರದಿದ್ದರೆ, ಒಟ್ಟು ಅಂಕ 1800 ಇದ್ದರೆ, ನಲವತ್ತರಿಂದ ಭಾಗಿಸಿದರೆ 45 ಬರುತ್ತದೆ. ಬರೆದ ಮೂವತ್ತಾರು ಮಕ್ಕಳಿಂದ ಭಾಗಿಸಿದರೆ 50. ಬರೆದು ಸೊನ್ನೆ ತಗೊಂಡ ಮಗುವೇ ಬೇರೆ, ಜ್ವರ ಬಂದು ಮನೆಯಲ್ಲಿ ಮಲಗಿದ್ದ ಮಗುವೇ ಬೇರೆ. 'ಗೈರು' ಸಾಲುಗಳು ಬಿಟ್ಟವುಗಳ ಪಟ್ಟಿಯಲ್ಲೇ ಹೆಸರು ಸಮೇತ ಇರಲಿ. ಮರುಪರೀಕ್ಷೆಗೆ ಯಾರನ್ನು ಕರೆಯಬೇಕು ಅನ್ನುವುದಕ್ಕೆ ಆ ಪಟ್ಟಿಯೇ ನಿಮಗೆ ಬೇಕಾಗುತ್ತದೆ.